ಅಗ್ಗದ ಟಯರ್ ದುಬಾರಿಯಾಗದಿರಲಿ

2006-07ರಲ್ಲಿ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೂ ಹೈಸ್ಕೂಲಿನ ದಾರಿ ಹತ್ತಿರವಾಯಿತು. ಆದರೆ ಸೈಕಲ್ ಉಚಿತವಾದರೂ ಟಯರ್ ಉಚಿತವಲ್ಲ. ಟಯರ್ ಸವೆದು ಸೈಕಲ್ ಗೋಡೆಗೊರಗಿದರೆ ನಷ್ಟ ಮಗಳ ಓದಿಗೇ.

ತಾಯಂದಿರೇ, ಟಯರ್ ಕೊಳ್ಳುವಾಗ ಬೆಲೆಯ ಜೊತೆ ಬಾಳಿಕೆಯನ್ನೂ ಲೆಕ್ಕ ಹಾಕಿ. 200 ರೂಪಾಯಿಯ ಟಯರ್ 8 ತಿಂಗಳಲ್ಲಿ ಸವೆದರೆ ತಿಂಗಳಿಗೆ 25 ರೂಪಾಯಿ ಬಿತ್ತು. 300 ರೂಪಾಯಿಯದು 20 ತಿಂಗಳು ಬಂದರೆ ತಿಂಗಳಿಗೆ 15 ಮಾತ್ರ. ಯಾವುದು ಅಗ್ಗ?

ಹಳೆಯ ಟಯರಿನ ಬದಿಯಲ್ಲಿರುವ ಅಳತೆಯನ್ನು ಪೂರ್ತಿ ಬರೆದುಕೊಂಡು ಹೋಗಿ. 26 ಎಂದಷ್ಟೇ ಹೇಳಿದರೆ ಸಾಲದು, ಅದರ ಮುಂದಿನ ಅಂಕಿಯೂ ಹೊಂದಬೇಕು. ಬದಿಯಲ್ಲಿ ಸಣ್ಣ ಬಿರುಕುಗಳಿದ್ದರೆ ಅದು ಬಹುಕಾಲ ಅಂಗಡಿಯಲ್ಲೇ ಕುಳಿತ ಮಾಲು, ಕೊಳ್ಳಬೇಡಿ.

ಭಾರ ಹೆಚ್ಚು ಬೀಳುವುದರಿಂದ ಹಿಂದಿನ ಟಯರ್ ಬೇಗ ಸವೆಯುತ್ತದೆ. ಎರಡೂ ಒಂದೇ ಅಳತೆಯವಾದರೆ, ಚೆನ್ನಾಗಿರುವ ಮುಂದಿನದನ್ನು ಹಿಂದಕ್ಕೆ ಹಾಕಿಸಿ, ಹೊಸದನ್ನು ಮುಂದಕ್ಕೆ ಹಾಕಿಸಿ. ಒಂದೇ ಟಯರಿನ ಖರ್ಚಿನಲ್ಲಿ ಕೆಲಸ ಮುಗಿಯಿತು.

ವಾರಕ್ಕೊಮ್ಮೆ ಗಾಳಿ ನೋಡುವ ಅಭ್ಯಾಸ ಮಗಳಿಗೆ ಕಲಿಸಿ. ಗಾಳಿ ಕಡಿಮೆಯಿದ್ದರೆ ಟಯರಿನ ಬದಿ ಮಡಚಿ ಬಿರಿಯುತ್ತದೆ, ಟ್ಯೂಬೂ ಹಾಳಾಗುತ್ತದೆ. ಪಂಕ್ಚರ್ ಹಾಕಿಸುವಾಗ ಟಯರಿನ ಒಳಭಾಗ ಪರೀಕ್ಷಿಸಲು ಹೇಳಿ. ಅಲ್ಲಿ ಜಾಲಿಮುಳ್ಳಿನ ತುದಿ ಉಳಿದರೆ ಮರುದಿನ ಮತ್ತೆ ಪಂಕ್ಚರ್.

ಮನೆ ಖರ್ಚಿನಿಂದ ತಿಂಗಳಿಗೆ 20 ರೂಪಾಯಿ ಎತ್ತಿಟ್ಟರೂ ಸಾಕು, ಟಯರ್ ಸವೆಯಿತೆಂದು ಮಗಳ ಶಾಲೆ ತಪ್ಪದು.