ಕೈಗೆಟುಕುವ ನಕ್ಷತ್ರ

ನಮ್ಮ ಮನೆಯ ಕ್ರಿಸ್ಮಸ್ ಟ್ರೀ ಈಗ ಮೂರಂತಸ್ತು ದಾಟಿದೆ. ದಕ್ಷಿಣಕ್ಕೆ ಕೊಂಚ ವಾಲಿಕೊಂಡು, ಪಕ್ಕದ ಅಪಾರ್ಟ್‌ಮೆಂಟಿನ ತಾರಸಿಯ ಕಡೆ ಕತ್ತು ಚಾಚಿ ನಿಂತಿದೆ. ‘ಯಾವತ್ತಾದ್ರೂ ನಮ್ಮ ಮೇಲೆ ಬೀಳುತ್ತೆ ಆಂಟಿ, ಕಡಿಸಿಬಿಡಿ’ ಎಂದು ಅಲ್ಲಿಯವರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಇದೇ ಮರ 1986ರ ಡಿಸೆಂಬರಿನಲ್ಲಿ ನಮ್ಮ ಯಜಮಾನರ ಸ್ಕೂಟರಿನ ಮುಂದೆ, ಎರಡು ಕಾಲುಗಳ ನಡುವೆ ಕೂತು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಯಿಂದ ಬಂದಿತ್ತು ಎಂದರೆ ಅವರಿಗೆ ನಗು. ಆಗ ಅದು ನನ್ನ ಮೊಣಕಾಲೆತ್ತರ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಡೆಯುವಾಗ ಒಮ್ಮೆ ತಲೆಯೆತ್ತಿ ನೋಡಿ. ಮನೆಗಳ ಮೇಲಿಂದ ಗೋಪುರದ ಹಾಗೆ ಎದ್ದ, ಮಜಲು ಮಜಲಾಗಿ ಕೊಂಬೆಯಿಟ್ಟ ಮರಗಳು ಕಾಣುತ್ತವೆ. ಅವುಗಳಲ್ಲಿ ಎಷ್ಟೋ ಹೀಗೆ ಮಕ್ಕಳ ಹಬ್ಬಕ್ಕೆಂದು ಕುಂಡದಲ್ಲಿ ಬಂದು, ಮಕ್ಕಳಿಗಿಂತ ಬೇಗ ಬೆಳೆದುಬಿಟ್ಟವು. ನಾವು ಕ್ರಿಸ್ಮಸ್ ಟ್ರೀ ಅನ್ನುತ್ತೇವೆ. ಸಸ್ಯಶಾಸ್ತ್ರದವರಿಗೆ ಅದು ಅರಾಕೇರಿಯಾ. ಕ್ಯಾಪ್ಟನ್ ಕುಕ್‌ನ ನೆನಪಿಗೆ ಕುಕ್ ಪೈನ್ ಎಂಬ ಹೆಸರಿದ್ದರೂ ಪೈನ್ ಜಾತಿಯದಲ್ಲ. ಊರು ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ. ಅಲ್ಲಿ 60 ಮೀಟರ್‌ವರೆಗೂ ಏರುತ್ತದಂತೆ. ಇದನ್ನು ನರ್ಸರಿಯವನು ಅಂದು ಹೇಳಿರಲಿಲ್ಲ.

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಕಥೊಲಿಕ ಮನೆಯಲ್ಲಿ. ನಮ್ಮ ಹಬ್ಬದ ನಡುಮನೆಯಲ್ಲಿ ಮರಕ್ಕೆ ಜಾಗವೇ ಇರಲಿಲ್ಲ; ಇದ್ದದ್ದು ಗೋದಲಿ. ಹಬ್ಬಕ್ಕೆ ಎರಡು ವಾರ ಮುಂಚೆ ಡಬ್ಬಿಗಳಲ್ಲಿ ಭತ್ತ ಬಿತ್ತಿ, ಮೊಳಕೆ ಬಂದ ಹಸಿರನ್ನು ಗದ್ದೆ ಮಾಡಿ, ಅದರ ನಡುವೆ ಬಾಲಯೇಸುವಿನ ಕೊಟ್ಟಿಗೆ ಕಟ್ಟುತ್ತಿದ್ದೆವು. ಅಡುಗೆಮನೆಯಲ್ಲಿ ಹಬ್ಬದ ತಿಂಡಿ ಕುಸ್ವಾರ್‌ಗಾಗಿ ನೆವ್ರಿ, ಕೊಕ್ಕಿಸ್‌ ಕರಿಯುವ ಎಣ್ಣೆಯ ಘಮ. ಅಣ್ಣ ಒಂದು ವರ್ಷ ಕಡಲದಂಡೆಯಿಂದ ಗಾಳಿಮರದ ಕೊಂಬೆ ಮುರಿದು ತಂದ. ಡಾಲ್ಡಾ ಡಬ್ಬಿಗೆ ಹೊಯ್ಗೆ ತುಂಬಿ ನಿಲ್ಲಿಸಿದ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ಹಿಮದ ಬದಲು ಹತ್ತಿ. ಬೆವರು ಒರೆಸಿಕೊಳ್ಳುತ್ತ ಹಿಮ ಅಂಟಿಸುತ್ತಿದ್ದ ಅವನನ್ನು ನೋಡಿ ಅಜ್ಜಿ, ‘ಗೋದಲಿ ಇರುವಾಗ ಮರ ಯಾಕೆ?’ ಎಂದಿದ್ದಳು.

ಅಜ್ಜಿಯ ಮಾತಿಗೆ ಚರಿತ್ರೆಯ ಬೆಂಬಲವೂ ಇತ್ತು. ಗೋದಲಿಯ ವಂಶಾವಳಿ 1223ರವರೆಗೆ ಹೋಗುತ್ತದೆ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಜೀವಂತ ದನ, ಕತ್ತೆಗಳ ನಡುವೆ ಅದನ್ನು ಮಾಡಿಸಿದರು. ಮರ ಜರ್ಮನ್ ನಾಡಿನ ಮನೆಗಳಿಂದ ಬಂದದ್ದು, ಬೆಳೆದದ್ದು ಹೆಚ್ಚಾಗಿ ಪ್ರೊಟೆಸ್ಟೆಂಟರ ನಡುವೆ. 1605ರ ಒಂದು ಬರಹದಲ್ಲಿ ಸ್ಟ್ರಾಸ್‌ಬರ್ಗಿನ ಜನ ಮರಕ್ಕೆ ಸೇಬು ಮತ್ತು ಕಾಗದದ ಗುಲಾಬಿ ಕಟ್ಟುತ್ತಿದ್ದ ಉಲ್ಲೇಖವಿದೆ. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲಿಷರ ಮನೆಮನೆಗೂ ಅದು ಬೇಕಾಯಿತು. ವ್ಯಾಟಿಕನ್ನಿನ ಚೌಕದಲ್ಲಿ ಕ್ರಿಸ್ಮಸ್ ಮರ ನಿಂತದ್ದಂತೂ 1982ರಲ್ಲಿ, ಎರಡನೆಯ ಜಾನ್ ಪೌಲರ ಕಾಲಕ್ಕೆ. ನಮ್ಮ ಮನೆಗೆ ಕುಂಡ ಬಂದದ್ದು ಅದಾಗಿ ನಾಲ್ಕೇ ವರ್ಷಕ್ಕೆ. ಪೋಪರಿಗಿಂತ ನಾವೇನೂ ಬಹಳ ತಡಮಾಡಲಿಲ್ಲ.

ಮೊದಲ ಐದಾರು ವರ್ಷ ಮರ ಡಿಸೆಂಬರಿನಲ್ಲಿ ಒಳಗೆ, ಜನವರಿಯಲ್ಲಿ ಹೊರಗೆ. ಆಮೇಲೆ ಬಾಗಿಲಲ್ಲಿ ಹಿಡಿಸಲಿಲ್ಲ, ಕಾಂಪೌಂಡಿನ ಮೂಲೆಯಲ್ಲಿ ನೆಟ್ಟೆವು. ಅಲ್ಲಿಂದ ಶುರುವಾಯಿತು ತುದಿಗೆ ನಕ್ಷತ್ರ ಮುಟ್ಟಿಸುವ ಸಾಹಸ. ಮೊದಲು ಸ್ಟೂಲು, ಆಮೇಲೆ ಏಣಿ, ಆಮೇಲೆ ತಾರಸಿಯಿಂದ ಗಳು ಚಾಚಿ ಕೊಕ್ಕೆಯಲ್ಲಿ ಸಿಕ್ಕಿಸುವುದು. ಇವರು ಮೇಲೆ, ಮಕ್ಕಳು ಕೆಳಗೆ. ‘ಎಡಕ್ಕೆ, ಇನ್ನೂ ಎಡಕ್ಕೆ!’ ಸೀರಿಯಲ್ ಸೆಟ್ಟಿನ ಒಂದು ಬಲ್ಬು ಕೈಕೊಟ್ಟರೆ ಇಡೀ ಸರವೇ ಕತ್ತಲು. ಇವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಒಂದೊಂದೇ ಬಲ್ಬು ಬದಲಿಸುತ್ತ ಕಳ್ಳನನ್ನು ಹಿಡಿಯುತ್ತಿದ್ದರು. ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ವಿದ್ಯುತ್ ಬಲ್ಬು ಕಟ್ಟಿದನಂತೆ. ಅವನ ಹೆಂಡತಿಯೂ ನನ್ನ ಹಾಗೆಯೇ ಊಟಕ್ಕೆ ಕರೆದು ಕರೆದು ಸೋತಿರಬೇಕು.

ಒಂದು ವರ್ಷ ಗಳುವೂ ಸಾಲದಾಯಿತು. ನಕ್ಷತ್ರ ಮಾಡಿಗೆ ಬಂತು. ಮಕ್ಕಳು ಒಬ್ಬೊಬ್ಬರಾಗಿ ದೂರ ಹೋದರು. ಆಮೇಲೆ ಇವರೂ.

ಆ ನಂತರದ ಎರಡು ಡಿಸೆಂಬರ್ ನಾನು ಏನನ್ನೂ ಕಟ್ಟಲಿಲ್ಲ. ಮೂರನೆಯ ವರ್ಷ ಮಗಳು ಪ್ಲಾಸ್ಟಿಕ್ಕಿನ ಮರ ಕಳಿಸಿದಳು, ಛತ್ರಿಯ ಹಾಗೆ ಬಿಡಿಸುವಂಥದ್ದು. ಎತ್ತರ ಆರಡಿ. ಬಿಡಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಸ್ಟೂಲು ಹತ್ತಬಾರದೆಂದು ಮೊಣಕಾಲಿನ ಡಾಕ್ಟರ್ ಹೇಳಿದ್ದರು. ಹತ್ತಿದರೆ ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ನೋಡುವವರಿಗಾಗಿ ಕಟ್ಟುವ ಮರಕ್ಕೆ ತುದಿಯೇ ಮುಖ್ಯ. ನೋಡುವವರು ಇಲ್ಲದ ಮೇಲೆ ತುದಿಯ ಹಂಗು ಯಾಕೆ?

ಈಗ ನನ್ನದೇ ಒಂದು ಪದ್ಧತಿ ಇದೆ. ಡಿಸೆಂಬರಿನ ಮೂರನೆಯ ವಾರ, ಕೈಗೆ ಸಿಗುವ ಒಂದು ಕೆಳಗಿನ ಕೊಂಬೆಯ ತುದಿಯನ್ನು ಆ ದೊಡ್ಡ ಮರದಿಂದಲೇ ಕತ್ತರಿಸಿಕೊಳ್ಳುತ್ತೇನೆ. ಅಣ್ಣನ ವಿದ್ಯೆ ಉಪಯೋಗಕ್ಕೆ ಬಂತು: ಬಿಸ್ಕತ್ತಿನ ಡಬ್ಬಿ, ಅದರ ತುಂಬ ಮರಳು. ಊಟದ ಮೇಜಿನ ಮೇಲೆ ಇಟ್ಟು ಕುರ್ಚಿಯಲ್ಲಿ ಕೂತೇ ಕಟ್ಟುತ್ತೇನೆ. ಆತುರವಿಲ್ಲ, ಒಂದು ದಿನಕ್ಕೆ ಎರಡೋ ಮೂರೋ ಗುಂಡು, ಸಂಜೆಯ ಕಾಫಿಯ ಹೊತ್ತಿಗೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಗಾಜಿನ ಗುಂಡುಗಳಲ್ಲಿ ಉಳಿದಿರುವುದು ಒಂಬತ್ತು. ಅವನ್ನು ಸುತ್ತಿಟ್ಟ ಹಳೆಯ ಪೇಪರು ಬಿಚ್ಚುವಾಗ ಅರ್ಧ ಗಂಟೆ ಹೋಗುತ್ತದೆ. ತೆರೆಕಂಡು ಮರೆತುಹೋದ ಸಿನಿಮಾದ ಜಾಹೀರಾತು, ಯಾರದೋ ಮದುವೆಯ ವರಾನ್ವೇಷಣೆ, ಹದಿನೈದು ವರ್ಷದ ಹಿಂದಿನ ಈರುಳ್ಳಿಯ ಬೆಲೆ. ಓದಿ ಮುಗಿಸದೆ ಗುಂಡು ಕಟ್ಟುವ ಹಾಗಿಲ್ಲ. ನಕ್ಷತ್ರವನ್ನು ಕೊನೆಗೆ ಕೂತಲ್ಲಿಂದಲೇ ಸಿಕ್ಕಿಸುತ್ತೇನೆ. ಪಕ್ಕದಲ್ಲಿ ಅಂಗೈಯಗಲದ ಗೋದಲಿ. ಅಜ್ಜಿಯದೂ ನಡೆಯಿತು, ಅಣ್ಣನದೂ.

ಅಂದಹಾಗೆ, ಹೊರಗಿನ ಮರ ವಾಲಿರುವುದು ಮುಪ್ಪಿನಿಂದಲ್ಲ. ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿಗಳು ಐದು ಖಂಡಗಳಲ್ಲಿ 256 ಕುಕ್ ಪೈನ್ ಮರಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವು ಸಾಮಾನ್ಯವಾಗಿ ಭೂಮಧ್ಯರೇಖೆಯ ಕಡೆಗೇ ವಾಲುತ್ತವೆ, ಸರಾಸರಿ ಎಂಟೂವರೆ ಡಿಗ್ರಿ. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ಉತ್ತರಕ್ಕೆ. ಪಕ್ಕದವರಿಗೆ ಇದನ್ನು ಹೇಳಿದೆ. ‘ಬೀಳೋದಲ್ಲಪ್ಪ, ಅದು ನಿಲ್ಲೋದೇ ಹಾಗೆ.’ ಅವರು ಮರವನ್ನೊಮ್ಮೆ, ಕೋಲೂರಿ ನಿಂತ ನನ್ನನ್ನೊಮ್ಮೆ ನೋಡಿ ಸುಮ್ಮನಾದರು.

ಜನವರಿ 6, ಮೂವರು ಅರಸರ ಹಬ್ಬ ಕಳೆದ ಮೇಲೆ ಬಿಚ್ಚುವ ಕೆಲಸ. ಕಂದಿದ ಕೊಂಬೆ ದೊಡ್ಡ ಮರದ ಬುಡಕ್ಕೆ, ಮರಳು ಕುಂಡಗಳಿಗೆ. ಹಳೆಯ ಪೇಪರು ಜೀರ್ಣವಾಗಿ ಮುಟ್ಟಿದರೆ ಪುಡಿಯಾಗುತ್ತಿದೆ. ಹೋದ ಸಲ ನಾಲ್ಕು ಗುಂಡುಗಳಿಗೆ ಹೊಸ ಹಾಳೆ ಹುಡುಕಬೇಕಾಯಿತು. ಬರಿಯ ಜಾಹೀರಾತಿನ ಪುಟವನ್ನು ಪಕ್ಕಕ್ಕಿಟ್ಟು, ಸುದ್ದಿ ತುಂಬಿದ ಪುಟವನ್ನೇ ಆರಿಸಿಕೊಂಡೆ. ಮುಂದಿನ ಡಿಸೆಂಬರಿನಲ್ಲಿ ಬಿಚ್ಚುವಾಗ ಓದಲಿಕ್ಕೆ ಏನಾದರೂ ಇರಬೇಕಲ್ಲ.