ಅಕ್ಷರ ಉಳಿದರೆ ಟಿಪ್ಪಣಿ ಉಳಿದೀತು

ಟಿಪ್ಪಣಿ ಬರೆದಿಡಲು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವವರು ಬಹಳ ಮಂದಿ. ಮೂವತ್ತು ವರ್ಷಗಳ ನಂತರ ಅದನ್ನು ಓದಲು ಏನು ಬೇಕಾದೀತು ಎಂದು ಕೇಳುವವರು ವಿರಳ. ಕನ್ನಡಿಗರ ಮಟ್ಟಿಗೆ ಈ ಎರಡನೆಯ ಪ್ರಶ್ನೆ ಬರಿಯ ಊಹೆಯದಲ್ಲ. ಅದರ ಪರಿಣಾಮ ನಮ್ಮ ಕಣ್ಣೆದುರೇ ಇದೆ.

ತೊಂಬತ್ತರ ದಶಕದಲ್ಲಿ ನಾನು ಹಳ್ಳಿಯ ಹಿರಿಯರಿಂದ ಕೇಳಿ ದಾಖಲಿಸಿಕೊಂಡ ಬೇಸಾಯದ ಪದಗಳು ಇಂದಿಗೂ ಕಂಪ್ಯೂಟರಿನಲ್ಲಿವೆ. ಕೂರಿಗೆ, ಕುಂಟೆ, ಕಣಗಳ ಸುತ್ತಲಿನ ಮಾತುಗಳವು. ಆದರೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಒಬ್ಬೊಬ್ಬ ತಯಾರಕರ ಜೋಡಣೆ ಒಂದೊಂದು ಬಗೆ. ಫಾಂಟು ಮರೆಯಾದೊಡನೆ ಕನ್ನಡವೂ ಮರೆ. ಪರಿವರ್ತಕಗಳಿವೆ, ನಿಜ. ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಪಲ್ಲಟಗೊಳ್ಳುತ್ತವೆ. ಅಪರೂಪದ ಪದವೊಂದು ಹೀಗೆ ಕೆಟ್ಟರೆ ತಿದ್ದಿ ಹೇಳಲು ಆ ಹಿರಿಯರು ಈಗಿಲ್ಲ.

1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಫಾಂಟು ಯಾವುದೇ ಇರಲಿ, ಸಂಖ್ಯೆ ಅದೇ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನು ಬದಲಿಸುವುದಿಲ್ಲ ಎಂಬುದು ಆ ಒಕ್ಕೂಟದ ನಿಯಮ. ದಶಕಗಳ ಬಾಳಿಕೆಗೆ ಇಂಥ ಭರವಸೆಯೇ ಬುನಾದಿ.

ಆದರೆ ಅಷ್ಟೇ ಸಾಲದು. ಯೂನಿಕೋಡ್‌ನಲ್ಲಿ ಬರೆದುದನ್ನೂ ಒಂದೇ ಕಂಪೆನಿಯ ತಂತ್ರಾಂಶ ಮಾತ್ರ ತೆರೆಯಬಲ್ಲ ಕಡತದಲ್ಲಿಟ್ಟರೆ, ಟಿಪ್ಪಣಿಯ ಆಯುಷ್ಯ ಆ ಕಂಪೆನಿಯ ಮರ್ಜಿಗೆ ಒಳಪಡುತ್ತದೆ. ಆದ್ದರಿಂದ ನನ್ನ ಆಯ್ಕೆ ಅಲಂಕಾರವಿಲ್ಲದ ಸರಳ ಪಠ್ಯ ಕಡತ. 1992ರಲ್ಲಿ ರೂಪುಗೊಂಡ ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ ಯಾವ ಸಾಮಾನ್ಯ ಕಂಪ್ಯೂಟರೂ ಅದನ್ನು ತೆರೆಯಬಲ್ಲದು. ಬಣ್ಣ, ಚಿತ್ರ, ದಪ್ಪಕ್ಷರಗಳ ಸೌಕರ್ಯ ಇದರಲ್ಲಿಲ್ಲ. ಪದ, ಅರ್ಥ, ಊರು, ದಿನಾಂಕಗಳಿಗೆ ಅವು ಬೇಕಾಗಿಯೂ ಇಲ್ಲ.

ತಾಳೆಗರಿಯ ಗ್ರಂಥಗಳು ನಮ್ಮವರೆಗೆ ಬಂದದ್ದು ಗರಿಯ ಬಲದಿಂದಷ್ಟೇ ಅಲ್ಲ, ತಲೆಮಾರಿಗೊಮ್ಮೆ ಪ್ರತಿ ಮಾಡಿದವರ ಶ್ರಮದಿಂದ. ಕಡತಕ್ಕೂ ಆ ಆರೈಕೆ ಬೇಕು: ಎರಡು ಕಡೆ ಪ್ರತಿ ಇಡಬೇಕು, ಆಗಾಗ ತೆರೆದು ಓದಿ ನೋಡಬೇಕು.

ಹಳೆಯ ಫಾಂಟುಗಳಲ್ಲಿ ಸಿಲುಕಿದ ಬರಹ ನನ್ನೊಬ್ಬನದಲ್ಲ. ಆ ಕಾಲದ ಲೇಖಕರು, ಸಂಘ ಸಂಸ್ಥೆಗಳು, ಮುದ್ರಣಾಲಯಗಳ ಬಳಿಯೂ ಅಂಥ ಕಡತಗಳಿವೆ. ಬರೆದವರು ಪಕ್ಕದಲ್ಲಿ ಕುಳಿತು ಕರಡು ತಿದ್ದಬಲ್ಲ ದಿನಗಳಲ್ಲೇ ಅವು ಯೂನಿಕೋಡ್‌ಗೆ ಬರಬೇಕು. ಯಂತ್ರ ಪರಿವರ್ತಿಸಬಲ್ಲದು, ಸರಿಯೋ ತಪ್ಪೋ ಎಂದು ಹೇಳಬೇಕಾದವರು ಮನುಷ್ಯರೇ.