ಅಮೆರಿಕದ ಕಿರುಕಾಲೇಜುಗಳು: ಯಾರಿಗೆ ಯಾವುದು ಒಪ್ಪೀತು?

ಮಾಟುಂಗದಲ್ಲಿಯೋ ಕೋಥರೂಡಿನಲ್ಲಿಯೋ ಮಾಂಬಳದಲ್ಲಿಯೋ ಮನೆಮಾಡಿಕೊಂಡಿರುವ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಗಣಿತದಲ್ಲಿ ಚುರುಕು, ಆದರೆ ಇತಿಹಾಸದ ಪುಸ್ತಕ ಕೈಗೆ ಸಿಕ್ಕಿತೆಂದರೆ ಊಟದ ಹೊತ್ತನ್ನೂ ಮರೆಯುವವಳು. ತಂದೆಯವರಿಗೆ ಇಂಜಿನಿಯರಿಂಗ್ ಎಂಬ ಹೆದ್ದಾರಿಯ ಹೊರತು ಬೇರೆ ದಾರಿ ಕಾಣದು. ಹೀಗಿರುವಾಗ ಒಂದು ಸಂಜೆ ಅವಳು ಗ್ರಿನೆಲ್ ಎಂದೋ ಕಾರ್ಲ್‌ಟನ್ ಎಂದೋ ಒಂದು ಹೆಸರನ್ನು ಹೇಳುತ್ತಾಳೆ. ಮನೆಯವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. “ಹಾರ್ವರ್ಡ್ ಗೊತ್ತು, ಎಂ.ಐ.ಟಿ. ಗೊತ್ತು, ಇದಾವುದಮ್ಮ?” ಎಂದು ಅಜ್ಜನವರು ಕೇಳುತ್ತಾರೆ.

ಪ್ರಶ್ನೆ ಸಹಜವಾದುದೇ. ನಾಲ್ಕು ವರ್ಷಗಳ ಆಯುಷ್ಯವೂ ಒಂದು ಸಂಸಾರದ ಬಹುಪಾಲು ಉಳಿತಾಯವೂ ಪಣಕ್ಕೆ ಬೀಳುವ ಈ ವಿಷಯದಲ್ಲಿ ನೆರೆಮನೆಯವರಿಗೆ ಗೊತ್ತಿರುವ ಹೆಸರೇ ಒಳ್ಳೆಯ ಹೆಸರೆಂದು ಭಾವಿಸುವುದು ಮನುಷ್ಯಸ್ವಭಾವ. ಆದರೆ ಆ ಭಾವನೆ ಎಷ್ಟೋ ವೇಳೆ ದಾರಿತಪ್ಪಿಸುವುದು.

ಲಿಬರಲ್ ಆರ್ಟ್ಸ್ ಎಂಬ ಮಾತಿನಿಂದಲೇ ಗೊಂದಲ ಆರಂಭವಾಗುತ್ತದೆ. ಇದನ್ನು ಚಿತ್ರಕಲೆ, ನೃತ್ಯಗಳ ಶಾಲೆಯೆಂದು ತಿಳಿಯುವವರುಂಟು, ನಮ್ಮ ಬಿ.ಎ. ತರಗತಿಯ ‘ಆರ್ಟ್ಸ್’ ಎಂದು ಮೂಗುಮುರಿಯುವವರೂ ಉಂಟು. ಮಧ್ಯಯುಗದ ಯೂರೋಪಿನಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಈ ಏಳನ್ನೂ ಸೇರಿಸಿ ಈ ಹೆಸರಿನಿಂದ ಕರೆಯುತ್ತಿದ್ದರು. ಏಳರಲ್ಲಿ ನಾಲ್ಕು ಗಣಿತಕ್ಕೆ ಸೇರಿದವೇ ಎಂಬುದನ್ನು ಗಮನಿಸಬೇಕು. ಇಂದಿಗೂ ಈ ಕಾಲೇಜುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಕವಿಜ್ಞಾನ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರಗಳೆಲ್ಲ ಒಂದೇ ಸೂರಿನ ಕೆಳಗಿವೆ. ವಿದ್ಯಾರ್ಥಿ ಸೇರಿದ ದಿನವೇ ವಿಷಯವನ್ನು ನಿರ್ಧರಿಸಬೇಕಾಗಿಲ್ಲ. ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಮುಖ್ಯ ವಿಷಯವನ್ನು ಆರಿಸಿಕೊಂಡರೆ ಸಾಕು. ಇವುಗಳಲ್ಲಿ ಸ್ನಾತಕೋತ್ತರ ವಿಭಾಗಗಳು ಇಲ್ಲ, ಇಲ್ಲವೇ ತೀರ ಅಲ್ಪ. ಆದುದರಿಂದ ಪಾಠ ಹೇಳುವವರು ಸಂಶೋಧನ ವಿದ್ಯಾರ್ಥಿಗಳಲ್ಲ, ಪ್ರಾಧ್ಯಾಪಕರೇ. ಪ್ರಯೋಗಾಲಯದ ಉಪಕರಣವನ್ನು ಮುಟ್ಟುವವರೂ ಪದವಿಪೂರ್ವದಿಂದ ಆಗತಾನೇ ಬಂದ ಹುಡುಗ ಹುಡುಗಿಯರೇ.

ಕನ್ನಡಿಗರಿಗೆ ಈ ಕಲ್ಪನೆ ಪೂರ್ತಿ ಹೊಸದೇನೂ ಅಲ್ಲ. ಹಿರಿಯಣ್ಣನವರು, ರಾಧಾಕೃಷ್ಣನ್, ಬಿ.ಎಂ. ಶ್ರೀಕಂಠಯ್ಯನವರು ಪಾಠ ಹೇಳಿದ ಮೈಸೂರಿನ ಮಹಾರಾಜಾ ಕಾಲೇಜನ್ನು ನೆನೆದವರಿಗೆ, ಗುರುವು ಶಿಷ್ಯನನ್ನು ಹೆಸರು ಹಿಡಿದು ಕರೆಯುವಷ್ಟು ಚಿಕ್ಕದಾದ ವಿದ್ಯಾಲಯ ಏನು ಮಾಡಬಲ್ಲುದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಯೋವಾ ರಾಜ್ಯದ ಜೋಳದ ಹೊಲಗಳ ನಡುವಿರುವ ಗ್ರಿನೆಲ್ ಕಾಲೇಜಿನ ಒಂದು ಪ್ರಸಂಗ ಇಲ್ಲಿ ಉಲ್ಲೇಖಾರ್ಹ. 1847ರ ಡಿಸೆಂಬರಿನಲ್ಲಲ್ಲ, 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅಂದರೆ ಕಾಲೇಜು ಸ್ಥಾಪನೆಯಾಗಿ ಆಗ ನೂರು ವರ್ಷ ಕಳೆದಿತ್ತು. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗ್ರಾಂಟ್ ಗೇಲ್ ಎಂಬ ಅಧ್ಯಾಪಕರು ತಮ್ಮ ಪರಿಚಯದ ಬಲದಿಂದ ಆ ಹೊಸ ವಸ್ತುವಿನ ವಿವರಗಳನ್ನು ತರಿಸಿಕೊಂಡು ತರಗತಿಗೆ ತಂದರು. ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೇ ಇನ್ನೂ ಅದರ ಸುದ್ದಿ ಸರಿಯಾಗಿ ಮುಟ್ಟಿರಲಿಲ್ಲ. ಕೇಳುತ್ತಿದ್ದವರಲ್ಲಿ ರಾಬರ್ಟ್ ನಾಯ್ಸ್ ಎಂಬ ತರುಣನಿದ್ದ. ಈ ತರುಣ ಸಾಧುವೇನೂ ಅಲ್ಲ. 1948ರಲ್ಲಿ ವಿದ್ಯಾರ್ಥಿಗಳ ಔತಣಕ್ಕೆಂದು ರೈತನೊಬ್ಬನ ಹಂದಿಯನ್ನು ಕದ್ದು ಸಿಕ್ಕಿಬಿದ್ದ. ಕೃಷಿಪ್ರಧಾನವಾದ ಆ ರಾಜ್ಯದಲ್ಲಿ ಅದು ಘೋರ ಅಪರಾಧ. ಆತನನ್ನು ಬಲ್ಲ ಗೇಲ್ ನಡುವೆ ಬಂದು ಮಾತನಾಡಿದುದರಿಂದ ಕಾಲೇಜಿನಿಂದ ಶಾಶ್ವತವಾಗಿ ಹೊರಬೀಳುವುದು ತಪ್ಪಿ, ಒಂದು ಸೆಮಿಸ್ಟರ್ ಹೊರಗಿರುವ ಶಿಕ್ಷೆಯಾಯಿತು. 1949ರಲ್ಲಿ ಪದವಿ ಪಡೆದ ನಾಯ್ಸ್ ಮುಂದೆ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಮುಗಿಸಿ, ಇಂಟಿಗ್ರೇಟೆಡ್ ಸರ್ಕ್ಯೂಟಿನ ಆವಿಷ್ಕಾರಕರಲ್ಲೊಬ್ಬರಾಗಿ, 1968ರಲ್ಲಿ ಇಂಟೆಲ್ ಸಂಸ್ಥೆಯನ್ನು ಜೊತೆಗೂಡಿ ಕಟ್ಟಿದರು. ಹತ್ತು ಸಾವಿರ ವಿದ್ಯಾರ್ಥಿಗಳ ನಡುವೆ ಈ ಹಂದಿಗಳ್ಳನ ಪರವಾಗಿ ಮಾತನಾಡುವವರು ಯಾರು ಸಿಗುತ್ತಿದ್ದರೋ!

ಆದರೆ ಚಿಕ್ಕದೆಲ್ಲವೂ ಒಂದೇ ಬಗೆಯದಲ್ಲ. ಆಯ್ಕೆಯ ಕಷ್ಟವಿರುವುದು ಇಲ್ಲಿಯೇ. ಮೆಸಾಚುಸೆಟ್ಸಿನ ವಿಲಿಯಮ್ಸ್ ಕಾಲೇಜಿನ ಟ್ಯುಟೋರಿಯಲ್ ಪದ್ಧತಿಯಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪ್ರಾಧ್ಯಾಪಕರು. ಒಂದು ವಾರ ಒಬ್ಬನು ಪ್ರಬಂಧ ಬರೆದು ಓದಿದರೆ ಇನ್ನೊಬ್ಬನು ಅದನ್ನು ವಿಮರ್ಶಿಸಬೇಕು, ಮರುವಾರ ಪಾತ್ರಗಳು ಬದಲು. ಹಿಂದಿನ ಬೆಂಚಿಗೆ ಸರಿದು ಕುಳಿತುಕೊಳ್ಳುವ ಅವಕಾಶವೇ ಇಲ್ಲ. ಕೊಲರಾಡೊ ಕಾಲೇಜಿನಲ್ಲಿ 1970ರಿಂದ ಒಂದು ಬಾರಿಗೆ ಒಂದೇ ವಿಷಯ. ಮೂರೂವರೆ ವಾರ ಅದನ್ನೇ ಓದಿ ಮುಗಿಸಿ ಮುಂದಿನದಕ್ಕೆ ಹೋಗುವುದು. ಏಕಾಗ್ರತೆಯುಳ್ಳವರಿಗೆ ಇದು ವರ. ನಿಧಾನವಾಗಿ ಮೆಲುಕುಹಾಕಿ ಅರಗಿಸಿಕೊಳ್ಳುವವರಿಗೆ ಶಿಕ್ಷೆ. ಸೇಂಟ್ ಜಾನ್ಸ್ ಕಾಲೇಜಿನಲ್ಲಿ 1937ರಿಂದಲೂ ಎಲ್ಲರೂ ಒಂದೇ ಪಠ್ಯಕ್ರಮದಲ್ಲಿ ಮೂಲಗ್ರಂಥಗಳನ್ನೇ ಓದುತ್ತಾರೆ, ರೇಖಾಗಣಿತವೆಂದರೆ ಯೂಕ್ಲಿಡನೇ. ಇದಕ್ಕೆ ತೀರ ವಿರುದ್ಧವಾಗಿ ಆಮ್‌ಹರ್ಸ್ಟಿನಲ್ಲಿ ಮೊದಲ ವರ್ಷದ ಒಂದು ಸೆಮಿನಾರನ್ನು ಬಿಟ್ಟರೆ ಎಲ್ಲರಿಗೂ ಕಡ್ಡಾಯವಾದ ವಿಷಯಗಳಿಲ್ಲ. ಸ್ವಾರ್ಥ್‌ಮೋರ್ ಕಾಲೇಜಿನ ಆನರ್ಸ್ ವಿದ್ಯಾರ್ಥಿಗಳನ್ನು ಪರೀಕ್ಷಿಸಲು ಹೊರಗಿನ ಸಂಸ್ಥೆಗಳಿಂದ ವಿದ್ವಾಂಸರು ಬರುತ್ತಾರೆ. ಆರೆಗಾನಿನ ರೀಡ್ ಕಾಲೇಜಿನಲ್ಲಿ ಅಂಕಗಳು ದಾಖಲಾಗುತ್ತವೆಯಾದರೂ ವಿದ್ಯಾರ್ಥಿಗೆ ಅವುಗಳನ್ನು ವಾಡಿಕೆಯಾಗಿ ತಿಳಿಸುವುದಿಲ್ಲ. ಪ್ರತಿಯೊಬ್ಬನೂ ಕೊನೆಯ ವರ್ಷ ಒಂದು ಪ್ರೌಢಪ್ರಬಂಧವನ್ನು ಬರೆಯಲೇಬೇಕು. ಎರಡು ತಿಂಗಳಿಗೊಮ್ಮೆ ಬರುವ ಅಂಕಪಟ್ಟಿಯನ್ನು ನೋಡಿಯೇ ಉತ್ಸಾಹ ಪಡೆಯುವ ಹುಡುಗನನ್ನು ಅಲ್ಲಿಗೆ ಕಳುಹಿಸಿದರೆ ಅವನ ಗತಿಯೇನು?

ಹೆಸರಿನಿಂದಲೂ ಮೋಸಹೋಗಬಾರದು. ಕನೆಕ್ಟಿಕಟ್ಟಿನ ವೆಸ್ಲಿಯನ್ ಯೂನಿವರ್ಸಿಟಿ ಹೆಸರಿಗೆ ವಿಶ್ವವಿದ್ಯಾನಿಲಯವಾದರೂ ಸ್ವಭಾವದಲ್ಲಿ ಈ ಗುಂಪಿನದೇ. ವ್ಯಾಸರಾಯರ ಕನ್ನಡ ಪದವನ್ನು ಹಾಡಿ ಮನೆಮಾತಾದ ಜಾನ್ ಹಿಗಿನ್ಸ್ ಭಾಗವತರು 1962ರಲ್ಲಿ ಬಿ.ಎ. ಪಡೆದದ್ದು ಅಲ್ಲಿಂದ, ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದ್ದೂ ಅಲ್ಲಿನ ಆಶ್ರಯದಲ್ಲಿಯೇ. ಹಾಗೆಯೇ ಮಿನೆಸೋಟಾದ ಕಾರ್ಲ್‌ಟನ್ ಕಾಲೇಜಿನಲ್ಲಿ ಎ.ಕೆ. ರಾಮಾನುಜನ್ ಅವರು ಸಂದರ್ಶಕ ಪ್ರಾಧ್ಯಾಪಕರಾಗಿದ್ದರು ಎಂಬುದು ಮೇಲೆ ಹೇಳಿದ ಅಜ್ಜನವರಿಗೆ ಸಮಾಧಾನ ತಂದೀತು.

ಚಿಕ್ಕತನದ ದೋಷವನ್ನೂ ಮುಚ್ಚಿಡಬಾರದು. ಒಂದು ವಿಭಾಗದಲ್ಲಿ ಐದಾರು ಮಂದಿ ಅಧ್ಯಾಪಕರಿದ್ದು ಅವರಲ್ಲಿ ಒಬ್ಬರು ರಜೆಯ ಮೇಲೆ ಹೋದರೆ, ಅವರ ಪಾಠ ಆ ವರ್ಷ ಇಲ್ಲವೇ ಇಲ್ಲ. ಕೈಪಿಡಿಯಲ್ಲಿ ಅಚ್ಚಾಗಿರುವ ಪಾಠಗಳ ಪಟ್ಟಿ ಒಂದು, ನಡೆಯುವ ಪಾಠಗಳ ಪಟ್ಟಿ ಇನ್ನೊಂದು. ಆದುದರಿಂದ ಮಗುವಿಗೆ ಆಸಕ್ತಿಯಿರುವ ವಿಭಾಗದಲ್ಲಿ ಕಳೆದ ಎರಡು ವರ್ಷ ನಿಜವಾಗಿ ಯಾವ ಪಾಠಗಳು ನಡೆದವೆಂಬುದನ್ನು ವಿಚಾರಿಸಬೇಕು. ಬೇರೆಲ್ಲ ಶ್ರೇಯಾಂಕಗಳಿಗಿಂತ ಈ ಒಂದು ವಿಚಾರಣೆ ಹೆಚ್ಚು ಬೆಲೆಯುಳ್ಳದ್ದು. ಕೆಲವು ಕಾಲೇಜುಗಳು ನೆರೆಯವರೊಡನೆ ಕೂಡಿ ಈ ಕೊರತೆಯನ್ನು ತುಂಬಿಕೊಂಡಿವೆ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟಿನಲ್ಲಿ ಪೊಮೋನಾ, ಹಾರ್ವಿ ಮಡ್ ಮೊದಲಾದ ಐದು ಪದವಿ ಕಾಲೇಜುಗಳು ನಡೆದುಹೋಗುವಷ್ಟು ಹತ್ತಿರ. ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಪಾಠ ಕೇಳಬಹುದು.

ಇಂಜಿನಿಯರಿಂಗ್ ಬೇಕೆನ್ನುವ ತಂದೆಯವರಿಗೂ ಇಲ್ಲಿ ದಾರಿಯಿದೆ. ಹಾರ್ವಿ ಮಡ್, ಸ್ವಾರ್ಥ್‌ಮೋರ್, ಲಫಯೆಟ್, ಮಹಿಳಾ ಕಾಲೇಜಾದ ಸ್ಮಿತ್ ಇವುಗಳಲ್ಲಿ ಆ ಪದವಿಯೇ ಉಂಟು. ವೈದ್ಯರಾಗಬೇಕೆನ್ನುವವರು ಮಾತ್ರ ಎಚ್ಚರದಿಂದಿರಬೇಕು: ಅಲ್ಲಿ ವೈದ್ಯಶಿಕ್ಷಣ ಆರಂಭವಾಗುವುದು ನಾಲ್ಕು ವರ್ಷದ ಪದವಿಯ ಅನಂತರ, ಮತ್ತು ಅಲ್ಲಿನ ಬಹಳಷ್ಟು ವೈದ್ಯಕೀಯ ಕಾಲೇಜುಗಳು ಪರದೇಶದ ವಿದ್ಯಾರ್ಥಿಗಳಿಗೆ ಪ್ರವೇಶವನ್ನೇ ಕೊಡುವುದಿಲ್ಲ.

ಇನ್ನು ಹಣದ ಮಾತು. ಪ್ರಸಿದ್ಧ ಖಾಸಗಿ ಕಾಲೇಜುಗಳಲ್ಲಿ ಬೋಧನಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರುಗಳನ್ನು ಮೀರಿದೆ. ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿಗಳ ಆಸುಪಾಸು. ಈ ಸಂಖ್ಯೆಯನ್ನು ಕಂಡು ಕೈಬಿಡುವವರೇ ಹೆಚ್ಚು. ಆದರೆ ಎಲ್ಲರೂ ಪೂರ್ತಿ ಕೊಡುವುದಿಲ್ಲ. ಆಮ್‌ಹರ್ಸ್ಟ್ 2008ರಲ್ಲಿಯೂ ಬೋಡನ್ 2022ರಲ್ಲಿಯೂ, ಪರದೇಶದ ಅರ್ಜಿದಾರರ ವಿಷಯದಲ್ಲಿ ಕೂಡ ಹಣದ ಅಗತ್ಯವನ್ನು ನೋಡದೆ ಪ್ರವೇಶವನ್ನು ನಿರ್ಧರಿಸುವುದಾಗಿ ಪ್ರಕಟಿಸಿದವು. ಇಂಥವು ಬೆರಳೆಣಿಕೆಯಷ್ಟು. ಉಳಿದ ಬಹುತೇಕ ಕಾಲೇಜುಗಳಲ್ಲಿ ಸಹಾಯ ಕೇಳಿದ ಪರದೇಶಿ ಅರ್ಜಿದಾರನಿಗೆ ಸ್ಪರ್ಧೆ ಇನ್ನಷ್ಟು ಬಿಗಿ. ಕಾಲೇಜುಗಳು ವರ್ಷವರ್ಷವೂ ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯ ‘ಎಚ್’ ವಿಭಾಗದಲ್ಲಿ, ಪರದೇಶದ ಎಷ್ಟು ವಿದ್ಯಾರ್ಥಿಗಳಿಗೆ ಸರಾಸರಿ ಎಷ್ಟು ಸಹಾಯ ದೊರೆತಿದೆಯೆಂಬುದು ನಮೂದಾಗಿರುತ್ತದೆ. ಬಣ್ಣದ ಕೈಪಿಡಿಯ ಹಿಮ ಮುಸುಕಿದ ಗೋಪುರದ ಚಿತ್ರಕ್ಕಿಂತ ಈ ಒಣ ಕೋಷ್ಟಕ ಹೆಚ್ಚು ಸತ್ಯವಂತ. ಅದೇ ದಾಖಲೆಯ ‘ಬಿ’ ವಿಭಾಗದಲ್ಲಿ ಮೊದಲ ವರ್ಷದವರಲ್ಲಿ ಶೇಕಡಾ ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಮರಳಿದರೆಂಬುದೂ ಸಿಗುತ್ತದೆ. ಬಿಟ್ಟುಹೋದವರು ಬಹಳವಾಗಿದ್ದರೆ ಕಾರಣವನ್ನು ಕೇಳದೆ ಮುಂದುವರಿಯಬಾರದು.

ಕಾಲೇಜಿನ ಆರ್ಥಿಕ ಸ್ಥಿತಿಯನ್ನೂ ವಿಚಾರಿಸಬೇಕು ಎಂದರೆ ಕೆಲವರಿಗೆ ಅತಿಯೆನಿಸೀತು. ವರ್ಮಾಂಟಿನ ಗ್ರೀನ್ ಮೌಂಟನ್ ಕಾಲೇಜು 2019ರಲ್ಲಿ ಮುಚ್ಚಿತು. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು ಒಂದೂವರೆ ಶತಮಾನದ ಬಾಳಿನ ಬಳಿಕ 2024ರಲ್ಲಿ ಬಾಗಿಲು ಹಾಕಿತು. ನಡುವೆ ಓದುತ್ತಿದ್ದವರು ಬೇರೆಡೆ ಸ್ಥಳ ಹುಡುಕಬೇಕಾಯಿತು. ವೀಸಾ ಹಿಡಿದು ಹೋದ ಹುಡುಗಿಗೆ ಇದು ಎಂಥ ಸಂಕಟ!

ಆರೋಗ್ಯದ ವಿಷಯಕ್ಕೆ ಅರ್ಜಿಯ ಗಲಾಟೆಯಲ್ಲಿ ಯಾರೂ ಗಮನ ಕೊಡರು. ಮಿನೆಸೋಟಾದಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಮುಂಬಯಿ, ಚೆನ್ನೈಗಳ ಬೆಳಕಿನಲ್ಲಿ ಬೆಳೆದವರಿಗೆ ಈ ಕತ್ತಲು ಚಳಿಗಿಂತ ಹೆಚ್ಚು ಬಾಧಿಸಬಹುದು. ಬೆಳಕಿನ ಅಭಾವದಿಂದ ಋತುವಿಗನುಗುಣವಾಗಿ ಬರುವ ಖಿನ್ನತೆಯನ್ನು ವೈದ್ಯರು ಗುರುತಿಸಿದ್ದಾರೆ. ಅದಕ್ಕೆ ಚಿಕಿತ್ಸೆಯೂ ಇದೆ. ಕೊಲರಾಡೊ ಸ್ಪ್ರಿಂಗ್ಸ್ ಸುಮಾರು 6,000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿ ಮೊದಲ ಕೆಲವು ದಿನ ತಲೆನೋವು, ಏದುಸಿರು ಕಾಣಿಸಿಕೊಳ್ಳಬಹುದು. ಉಬ್ಬಸವಿರುವವರು, ನಿತ್ಯ ಔಷಧಿ ತೆಗೆದುಕೊಳ್ಳುವವರು ಹತ್ತಿರದ ಆಸ್ಪತ್ರೆ ಎಷ್ಟು ದೂರವೆಂಬುದನ್ನು ಮೊದಲೇ ತಿಳಿಯುವುದು ಮೇಲು. ಕಾಲೇಜಿನ ವಿಮೆ ಹಲ್ಲು, ಕಣ್ಣುಗಳ ಚಿಕಿತ್ಸೆಯನ್ನು ಒಳಗೊಂಡಿರದಿರುವುದು ಸಾಮಾನ್ಯ. ಹುಳುಕುಹಲ್ಲಿದ್ದರೆ ಇಲ್ಲಿಯೇ ತುಂಬಿಸಿಕೊಂಡು ಹೋಗುವುದು ಅಗ್ಗ. ಸಸ್ಯಾಹಾರ ಸಿಗುತ್ತದೆ, ಆದರೆ ಸಿಗುವುದು ಬೇರೆ, ನಾಲ್ಕು ವರ್ಷ ತಿನ್ನುವಂತಿರುವುದು ಬೇರೆ. ಅಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ನಿಜ ತಿಳಿದೀತು.

ಇನ್ನೊಂದು ಸಂಗತಿ ನಮ್ಮ ತಂದೆತಾಯಿಗಳಿಗೆ ನುಂಗಲಾರದ ತುತ್ತು. 1974ರ ಅಮೆರಿಕದ ಕಾನೂನಿನಂತೆ, ಕಾಲೇಜು ಸೇರಿದ ವಿದ್ಯಾರ್ಥಿಯ ಅಂಕಗಳು ಮೊದಲಾದ ದಾಖಲೆಗಳನ್ನು ಸಾಮಾನ್ಯವಾಗಿ ಅವನ ಲಿಖಿತ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ಕೊಡುವುದಿಲ್ಲ. ಶುಲ್ಕ ಕಟ್ಟುವವರು ತಾವೇ ಆದರೂ ಮಗಳು ನಪಾಸಾದದ್ದು ಅವಳು ಹೇಳಿದರೆ ಮಾತ್ರ ತಿಳಿಯುವುದು. ಹಾಗಾಗಿ ಕಾಲೇಜನ್ನು ಆರಿಸುವ ತಿಂಗಳುಗಳಲ್ಲಿ ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡುವ ರೂಢಿ ಬೆಳೆದಿರುವುದು ಅವಶ್ಯ. ವರ್ಷಕ್ಕೆ ತಾವು ಎಷ್ಟು ಕೊಡಬಲ್ಲೆವೆಂಬ ಸಂಖ್ಯೆಯನ್ನು ತಂದೆಯವರು ಅರ್ಜಿಗೆ ಮೊದಲೇ ಹೇಳಬೇಕು. ತನಗೆ ಯಾವುದು ಬೇಡವೆಂಬುದನ್ನು ಮಗಳೂ ಹೇಳಬೇಕು. ನವೆಂಬರಿನಲ್ಲಿ ಸಲ್ಲಿಸುವ ‘ಅರ್ಲಿ ಡಿಸಿಷನ್’ ಅರ್ಜಿಯ ಷರತ್ತಿನಂತೆ, ಪ್ರವೇಶ ದೊರೆತರೆ ಅಲ್ಲಿಗೇ ಸೇರಬೇಕು. ಬೇರೆ ಕಾಲೇಜುಗಳ ಸಹಾಯಧನವನ್ನು ಹೋಲಿಸಿ ನೋಡುವ ಅವಕಾಶ ಉಳಿಯದು. ಜನವರಿಯ ಆರಂಭದಲ್ಲಿ ಸಾಮಾನ್ಯ ಅರ್ಜಿ ಕಳುಹಿಸಿದವರಿಗೆ ಮಾರ್ಚಿ ಅಂತ್ಯದ ಹೊತ್ತಿಗೆ ಉತ್ತರ ಬರುತ್ತದೆ. ಮೇ 1ರೊಳಗೆ ನಿರ್ಧರಿಸಿದರಾಯಿತು. ಆ ಒಂದು ತಿಂಗಳಲ್ಲಿ ಬಂದ ಪತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ, ಅಜ್ಜನವರನ್ನೂ ಕೂರಿಸಿಕೊಂಡು, ಒಂದೊಂದನ್ನೂ ಓದಬಹುದು.